ಮೇಜಿನ ಕೆಳಗಿನ ಎತ್ತು

ನನಗೆ ಸಿಟ್ಟು ಬಹಳ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಇಳಕಲ್ಲಿನ ನಮ್ಮ ಓಣಿಯ ಆ ತುದಿಯವರೆಗೂ ಕೇಳಿಸುವ ಸಿಟ್ಟನ್ನು ಮುಚ್ಚಿಡುವುದಾದರೂ ಹೇಗೆ? ಆದರೆ ಉಳಿದವರ ಸಿಟ್ಟಿಗೂ ನನ್ನ ಸಿಟ್ಟಿಗೂ ಒಂದು ವ್ಯತ್ಯಾಸವಿದೆ. ಉಳಿದವರಿಗೆ ದೊಡ್ಡ ದೊಡ್ಡ ಸಂಗತಿಗಳ ಮೇಲೆ ಸಿಟ್ಟು ಬರುತ್ತದೆ. ಸರಕಾರದ ಮೇಲೆ, ಬೀಗರ ಮೇಲೆ, ಬಿಸಿಲಿನ ಮೇಲೆ. ಇವನ್ನೆಲ್ಲ ನಾನು ಹೇಗೋ ಸಹಿಸಿಕೊಂಡು ಹೋಗುತ್ತೇನೆ. ನನ್ನ ಪಿತ್ತ ನೆತ್ತಿಗೇರುವುದು ಎಳ್ಳಿನಷ್ಟು ಸಣ್ಣ ಪದಗಳಿಂದ. ಇನ್, ಆನ್, ಅಟ್, ಬೈ, ವಿತ್, ಅಂಡರ್. ಇಂಗ್ಲಿಷಿನಲ್ಲಿ ಇವಕ್ಕೆ ಪ್ರಿಪೊಸಿಷನ್ ಎನ್ನುತ್ತಾರೆ. ಕನ್ನಡ ವ್ಯಾಕರಣದವರು ಇವಕ್ಕೊಂದು ಉದ್ದನೆಯ ಸಂಸ್ಕೃತ ಹೆಸರನ್ನೂ ಇಟ್ಟಿದ್ದಾರೆ. ಅದನ್ನು ಹೇಳಿದರೆ ಮಕ್ಕಳು ಸೂಜಿ ಚುಚ್ಚಿಸಿಕೊಳ್ಳುವ ಮುಖ ಮಾಡುತ್ತಾರೆ, ಆದ್ದರಿಂದ ನಾನು ಹೇಳುವುದಿಲ್ಲ. ಹುನಗುಂದದಲ್ಲಿ ಬಸ್ ಬದಲಿಸಿ ಮರೋಳದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಈ ಎಳ್ಳುಗಳನ್ನು ವಾಕ್ಯದಿಂದ ಆರಿಸಿ ಮಕ್ಕಳ ಕೈಗೆ ಕೊಡುವುದರಲ್ಲೇ ನನ್ನ ಆಯುಷ್ಯ ಮುಗಿಯುತ್ತ ಬಂದಿದೆ.

ಸಿಟ್ಟಿನ ಬೇರನ್ನು ಹುಡುಕುತ್ತ ಹೋದರೆ ಅದು ಶಾಲೆಯಲ್ಲಿಲ್ಲ, ನಮ್ಮ ಮನೆಯಲ್ಲೇ ಇದೆ. ಮನೆಯಲ್ಲಿ ಈಗ ಅತ್ತೆ, ನನ್ನ ಗಂಡ ಮತ್ತು ನಾನು. ಅತ್ತೆಗೆ ವಯಸ್ಸಾಗಿದೆ, ಆದರೆ ಕಣ್ಣು ಕಿವಿ ನನಗಿಂತ ಚುರುಕು. ಅವರಿಗೆ ಮನೆಯ ಪ್ರತಿಯೊಂದು ವಸ್ತುವೂ ಎಲ್ಲಿದೆ ಎಂದು ಗೊತ್ತು. ಅದನ್ನು ಹೇಳುವುದು ಮಾತ್ರ ಗೊತ್ತಿಲ್ಲ. ಕತ್ತರಿ ಎಲ್ಲಿದೆ ಎಂದು ಕೇಳಿದರೆ, "ಅಲ್ಲೇ ಐತಿ ನೋಡವಾ" ಎನ್ನುತ್ತಾರೆ. ಎಲ್ಲಿ ಎಂದು ಮತ್ತೆ ಕೇಳಿದರೆ ಗದ್ದ ಎತ್ತುತ್ತಾರೆ. ಆ ಗದ್ದ ತೋರಿಸುವ ದಿಕ್ಕಿನಲ್ಲಿ ಅಡುಗೆಮನೆ ಇದೆ, ಹಿತ್ತಲಿದೆ, ಹಿತ್ತಲಿನ ಆಚೆ ಓಣಿ ಇದೆ, ಹಾಗೇ ನೇರ ಹೋದರೆ ಕುಷ್ಟಗಿಯೂ ಇದೆ. ಒಮ್ಮೆ ಬೀಗರು ಬಂದು ಕುಳಿತಿದ್ದಾಗ ಕಪಾಟಿನ ಕೀಲಿಕೈ ಬೇಕಾಯಿತು. ಅಲ್ಲೇ ಐತಿ ಎಂದರು. ನಾನು ದೇವರ ಜಗಲಿ, ಹಿಟ್ಟಿನ ಡಬ್ಬಿ, ಹಾಸಿಗೆ ಎಲ್ಲವನ್ನೂ ಅಡಿಮೇಲು ಮಾಡಿದೆ. ಕೀಲಿಕೈ ಅವರ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಕುಳಿತಿತ್ತು. ಅಲ್ಲೇ ಐತಿ ಅಂತ ಹೇಳಿದ್ನೆಲ್ಲ ಎಂದು ನನ್ನನ್ನೇ ಬೈದರು. ಸೀರೆ ವ್ಯಾಪಾರ ಮಾಡುವ ನನ್ನ ಗಂಡ ತಾಯಿಯಿಂದ ಈ ವಿದ್ಯೆಯನ್ನು ಕಲಿತು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಅವರು ಗದ್ದವನ್ನೂ ಎತ್ತುವುದಿಲ್ಲ, ಹುಬ್ಬಿನಲ್ಲೇ ಮುಗಿಸುತ್ತಾರೆ. ಹಗಲೆಲ್ಲ ಶಾಲೆಯಲ್ಲಿ ಮೇಲೆ, ಕೆಳಗೆ, ಹಿಂದೆ, ಮುಂದೆ ಎಂದು ಗಂಟಲು ಹರಿದುಕೊಂಡು ಮನೆಗೆ ಬಂದರೆ ನನಗೆ ಸಿಗುವುದು ಒಂದು ಅಲ್ಲೇ ಮತ್ತು ಒಂದು ಹುಬ್ಬು. ಸಿಟ್ಟು ಬರದೆ ಇನ್ನೇನು ಬರಬೇಕು?

ಶಾಲೆಗೆ ಹೋದರೆ ಅಲ್ಲಿ ಬೆಕ್ಕು ಕಾದಿರುತ್ತದೆ. ಪ್ರಿಪೊಸಿಷನ್ ಪಾಠ ಎಲ್ಲಿ ಬಂದರೂ ಅದರ ಜೊತೆ ಒಂದು ಬೆಕ್ಕು ಮತ್ತು ಒಂದು ಮೇಜು ಬರುತ್ತವೆ. ಬೆಕ್ಕು ಮೇಜಿನ ಮೇಲೆ ಕೂಡುತ್ತದೆ, ಇಳಿದು ಕೆಳಗೆ ಕೂಡುತ್ತದೆ, ಹಿಂದೆ ಹೋಗಿ ಇಣುಕುತ್ತದೆ. ಇದಕ್ಕೆ ಬೇರೆ ಕೆಲಸವಿಲ್ಲ. ನನ್ನ ತರಗತಿಯ ಬಹಳಷ್ಟು ಮಕ್ಕಳ ಮನೆಯಲ್ಲಿ ಮೇಜೇ ಇಲ್ಲ. ಬೆಕ್ಕು ಇದೆ, ಆದರೆ ಅದು ಮೇಲೇರಿ ಕುಳಿತರೆ ಚಪ್ಪಲಿ ಬೀಳುತ್ತದೆಯೇ ಹೊರತು ಯಾರೂ ಅದರ ಬಗ್ಗೆ ವಾಕ್ಯ ರಚಿಸುತ್ತ ನಿಲ್ಲುವುದಿಲ್ಲ. ಹಾಲಿನ ಗಡಿಗೆಯ ಒಳಗೆ ಮೂತಿ ಹಾಕಿದ ಬೆಕ್ಕನ್ನು ಚಿತ್ರದಲ್ಲಿ ಬರೆದಿದ್ದರೆ ಇನ್ ಎನ್ನುವುದು ಆ ಮಕ್ಕಳಿಗೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಆದರೆ ಪುಸ್ತಕ ಮಾಡುವವರ ಬೆಕ್ಕುಗಳು ಸಭ್ಯ ಬೆಕ್ಕುಗಳು. ಅವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಉರಿಯಲ್ಲೇ ಒಂದು ದಿನ ನಾನು ಪುಸ್ತಕ ಮುಚ್ಚಿ ಹಲಗೆಯ ಮೇಲೆ ಒಂದು ಚಕ್ಕಡಿ ಬರೆದೆ. ನೋಡಿ, ಪ್ರಿಪೊಸಿಷನ್ ಎಂದರೆ ಎತ್ತು, ಅದರ ಹಿಂದೆ ಬರುವ ಹೆಸರು ಚಕ್ಕಡಿ, ನಡುವೆ ದಿ ಎಂದೋ ಎ ಎಂದೋ ಒಂದು ನೊಗ ಎಂದೆ. ಆನ್ ದಿ ಟೇಬಲ್. ಅಂಡರ್ ದಿ ಟ್ರೀ. ಎತ್ತು ಮತ್ತು ಚಕ್ಕಡಿ ಕೂಡಿದರೇನೇ ಅದು ಫ್ರೇಜು. ಹೂಡದೆ ನಿಂತ ಬರಿಯ ಎತ್ತು ಏನನ್ನೂ ಹೊರುವುದಿಲ್ಲ. ಕನ್ನಡದಲ್ಲಿ ನಾವು ಚಕ್ಕಡಿಯನ್ನು ಮುಂದೆ ಬಿಟ್ಟು ಎತ್ತಿನಿಂದ ಹಿಂದಿನಿಂದ ದೂಡಿಸುತ್ತೇವೆ, ಮೇಜಿನ ಮೇಲೆ, ಮರದ ಕೆಳಗೆ. ಇಂಗ್ಲಿಷಿನವರು ಮುಂದಿನಿಂದ ಎಳೆಸುತ್ತಾರೆ. ಟು ಗೋ, ಟು ಈಟ್ ಎಂದಾಗ ಟು ಎಂಬುದರ ಹಿಂದೆ ಚಕ್ಕಡಿ ಇಲ್ಲ, ಬರಿಯ ಕ್ರಿಯೆ ಇದೆ, ಆದ್ದರಿಂದ ಅದು ಎತ್ತಿನ ವೇಷ ಹಾಕಿಕೊಂಡ ಬೇರೆ ಯಾವುದೋ ಪ್ರಾಣಿ, ಮೋಸಹೋಗಬೇಡಿ ಎಂದೆ. ಈ ಚಕ್ಕಡಿ ವಾಕ್ಯದ ಬಾಗಿಲಿಗೆ ಬಂದು ನಿಂತರೆ ಎಲ್ಲಿ, ಯಾವಾಗ, ಯಾರ ಜೊತೆ, ಯಾವುದು ಎಂಬ ಮೂಟೆಗಳನ್ನು ಇಳಿಸುತ್ತದೆ. ಅದು ಬರದಿದ್ದರೂ ವಾಕ್ಯ ವಾಕ್ಯವೇ, ಆದರೆ ಕೇಳಿದವನಿಗೆ ಏನೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ಪಾಠವಾಗಿತ್ತು. ಮಕ್ಕಳೂ ತಲೆ ಅಲ್ಲಾಡಿಸಿದರು. ಪರೀಕ್ಷೆಯಲ್ಲಿ ಮಾತ್ರ ಪ್ರಿಪೊಸಿಷನ್‌ಗೆ ಗೆರೆ ಎಳೆಯಿರಿ ಎಂದರೆ ಅರ್ಧ ತರಗತಿ ಬೆಕ್ಕಿಗೆ ಗೆರೆ ಎಳೆದಿತ್ತು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಇಂಗ್ಲಿಷಿನಲ್ಲಿ ಹಿಂದುಳಿದ ಶಾಲೆಗಳ ಶಿಕ್ಷಕರಿಗೆ ಬಾಗಲಕೋಟೆಯಲ್ಲಿ ಹತ್ತು ದಿನದ ವಸತಿ ತರಬೇತಿ ಎಂದು ಮೇಲಿನಿಂದ ಸುದ್ದಿ ಬಂತು. ತರಬೇತಿ ಎಂದರೆ ಏನೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಹೆಂಗಸರನ್ನು ವೃತ್ತಾಕಾರದಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಾರೆ. ಹೋದ ಸಲ ನನ್ನನ್ನು ಕಪ್ಪೆ ಮಾಡಿದ್ದರು. ಕಪ್ಪೆಯಂತೆ ಕುಪ್ಪಳಿಸಿ ನನ್ನ ಹೆಸರನ್ನು ಹೇಳಬೇಕಿತ್ತು. ಕುಪ್ಪಳಿಸಿದೆ, ಹೇಳಿದೆ, ಮೊಣಕಾಲು ಹಿಡಿದುಕೊಂಡಿತು. ಈ ಅವಮಾನವನ್ನು ಇನ್ನೊಮ್ಮೆ ಅನುಭವಿಸಲು ನಾನು ಸಿದ್ಧಳಿದ್ದೆ ಎಂದೇ ಇಟ್ಟುಕೊಳ್ಳಿ. ಆದರೆ ಆ ಹತ್ತು ದಿನಗಳ ನಡುವೆಯೇ ಬಾದಾಮಿಯಲ್ಲಿ ನನ್ನ ಮಗಳ ಕುಬಸ ಇತ್ತು.

ಒಬ್ಬಳೇ ಮಗಳು, ಚೊಚ್ಚಲ ಬಸಿರು. ತವರಿನಿಂದ ಹಸಿರು ಸೀರೆ, ಹಸಿರು ಬಳೆ, ಬುತ್ತಿ ಎಲ್ಲ ಒಯ್ದು, ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ಉಡಿ ತುಂಬಬೇಕಾದವಳು ತಾಯಿ. ಸೀರೆಯನ್ನು ನಾನೇ ಮಗ್ಗದವರ ಮನೆಗೆ ಹೋಗಿ, ಸೆರಗಿನ ಕೆಂಪು ಇಷ್ಟೇ ಇರಬೇಕು ಎಂದು ಜಗಳವಾಡಿ ನೇಯಿಸಿದ್ದೆ. ಮುಹೂರ್ತವನ್ನು ಬೀಗರು ಮತ್ತು ಅತ್ತೆ ಕೂಡಿ ಹಿಡಿದಿದ್ದರು, ಇನ್ನು ಅದನ್ನು ಅಲುಗಾಡಿಸುವ ಪ್ರಶ್ನೆಯೇ ಇಲ್ಲ. ನಾನು ತಾಲೂಕಿನ ಸಾಹೇಬರಿಗೆ ಫೋನ್ ಮಾಡಿ, ಆ ಹೊತ್ತಿನಲ್ಲಿ ನನಗೆ ಅಡಚಣೆ ಇದೆ, ತರಬೇತಿಯಿಂದ ಬಿಡಬೇಕು ಎಂದೆ. ಅವರು ಪುಸ್ತಕದ ಕನ್ನಡದಲ್ಲಿ, ಅಡಚಣೆಗಳು ಎಲ್ಲರಿಗೂ ಇರುತ್ತವೆ ಮೇಡಂ, ನಾನು ಸೋಮವಾರ ನಿಮ್ಮ ಶಾಲೆಗೆ ಬಂದು ಪಾಠ ನೋಡುತ್ತೇನೆ, ಚೆನ್ನಾಗಿದ್ದರೆ ಆಮೇಲೆ ವಿಚಾರ ಮಾಡೋಣ ಎಂದರು. ಪಾಠ ಪ್ರಿಪೊಸಿಷನ್ನೇ ಇರಲಿ, ಸ್ಥಳೀಯ ಸಾಮಗ್ರಿ ಬಳಸಿ ಎಂದೂ ಸೇರಿಸಿದರು. ಫೋನ್ ಇಟ್ಟ ಮೇಲೆ ಆ ಮನುಷ್ಯನನ್ನು ನಾನು ಬೈದಿದ್ದು ಇಲ್ಲಿ ಬರೆಯುವಂಥದ್ದಲ್ಲ. ಹೆತ್ತ ತಾಯಿಯ ಸಂಕಟ ತಿಳಿಯದ ಕಲ್ಲು ಎಂಬುದು ಅದರಲ್ಲಿ ಅತ್ಯಂತ ಮೃದುವಾದದ್ದು.

ಸ್ಥಳೀಯ ಸಾಮಗ್ರಿ ತಾನಾಗಿಯೇ ಬಾಗಿಲಿಗೆ ಬಂತು. ಸೋಮವಾರದ ಹಿಂದಿನ ದಿನ, ರವಿವಾರ, ಮಣ್ಣೆತ್ತಿನ ಅಮಾವಾಸ್ಯೆ. ಮುಂಜಾನೆ ಕುಂಬಾರರ ಹೆಣ್ಣುಮಗಳು ಬುಟ್ಟಿಯ ತುಂಬ ಮಣ್ಣಿನ ಎತ್ತುಗಳನ್ನು ಹೊತ್ತು ಓಣಿಗೆ ಬಂದಳು. ಪ್ರತಿ ವರ್ಷದಂತೆ ಪೂಜೆಗೆ ಒಂದು ಜೋಡಿ ತೆಗೆದುಕೊಂಡೆ. ಆ ಪುಟ್ಟ ಎತ್ತುಗಳ ಬೆನ್ನ ಮೇಲಿನ ಇಣಿ, ಕೋಡು, ಎದುರಿಗೆ ಮೇವಿನ ಗ್ವಾದಲಿ ಎಲ್ಲ ನೋಡಿದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಬೆಕ್ಕು ಹಾಳಾಗಿ ಹೋಗಲಿ. ಎತ್ತು ಗ್ವಾದಲಿಯ ಮುಂದೆ, ಎತ್ತು ಪೆಟ್ಟಿಗೆಯ ಹಿಂದೆ, ಎತ್ತು ಮೇಜಿನ ಮೇಲೆ, ಎತ್ತು ಮೇಜಿನ ಕೆಳಗೆ. ನನ್ನ ಚಕ್ಕಡಿಯ ಪಾಠಕ್ಕೂ ಹೊಂದುತ್ತದೆ, ಸ್ಥಳೀಯವೂ ಹೌದು, ಸಾಮಗ್ರಿಯೂ ಹೌದು. ಶಾಲೆಗೆಂದು ಇನ್ನೊಂದು ಜೋಡಿ ಕೊಂಡು, ಇವು ಶಾಲೆಯವು, ಇವನ್ನು ಮುಟ್ಟಬೇಡಿ ಎಂದು ಅತ್ತೆಗೆ ಎರಡು ಸಲ ಹೇಳಿ, ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟು ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬಂದಾಗ ಮಾಡ ಖಾಲಿ. ನಾಲ್ಕೂ ಎತ್ತುಗಳು ದೇವರ ಜಗಲಿಯ ಮೇಲೆ ಸಾಲಾಗಿ ನಿಂತಿದ್ದವು. ಹಣೆಗೆ ವಿಭೂತಿ, ಕುಂಕುಮ, ಕೊರಳಿಗೆ ಅರಿಶಿನ ಹಚ್ಚಿದ ದಾರ, ಎದುರಿಗೆ ಹೋಳಿಗೆಯ ನೈವೇದ್ಯ. ಶಾಲೆಯ ಎತ್ತುಗಳಿಗೆ ಮನೆಯ ಎತ್ತುಗಳಿಗಿಂತ ಒಂದು ಹೂ ಹೆಚ್ಚೇ ಏರಿಸಿದ್ದರು. ನಾನು ಕೂಗಾಡಿದೆ. ಅತ್ತೆ ಊದಿನಕಡ್ಡಿ ಬೆಳಗುವುದನ್ನು ನಿಲ್ಲಿಸಲೇ ಇಲ್ಲ. "ಮನಿಯೊಳಗ ಬಂದ ಮ್ಯಾಲೆ ಬಸವಣ್ಣನ. ಸಾಲಿ ಬಸವಣ್ಣ ಬ್ಯಾರೆ, ಮನಿ ಬಸವಣ್ಣ ಬ್ಯಾರೆ ಇರ್ತಾನೇನು?" ಎಂದರು. ನಾಳೆ ಇವನ್ನು ಶಾಲೆಗೆ ಒಯ್ಯಲೇಬೇಕು, ಮಗಳ ಕುಬಸಕ್ಕೆ ನಾನು ಬರುವುದೂ ಬಿಡುವುದೂ ಇವುಗಳ ಮೇಲೆಯೇ ನಿಂತಿದೆ ಎಂದೆ. ಆಗ ಅವರು ನನ್ನ ಮುಖವನ್ನು ನೋಡಿದರು. ನಾಳೆ ಸೋಮವಾರ, ಸೋಮವಾರ ಜೀವಂತ ಎತ್ತನ್ನೇ ಯಾರೂ ಹೂಡುವುದಿಲ್ಲ, ಪೂಜೆಯಾದ ಎತ್ತಿಗೆ ನೀನು ಇಂಗ್ಲಿಷ್ ದುಡಿಸುತ್ತೀಯಾ ಎಂದು ಕೇಳಿದರು. ನಾನು ಇನ್ನಷ್ಟು ಕೂಗಿದೆ. ಕಡೆಗೆ ಮೊಮ್ಮಗಳ ಹೆಸರಿಗೆ ಅವರು ಕರಗಿದರು. ನೆಲಕ್ಕೆ ಇಡಬಾರದು, ಚಪ್ಪಲಿ ಸೋಕಬಾರದು, ವಿಭೂತಿ ಒರೆಸಬಾರದು, ದೀಪ ಹಚ್ಚುವ ಹೊತ್ತಿಗೆ ಎರಡೂ ಮರಳಿ ಜಗಲಿಗೆ ಬರಬೇಕು ಎಂದು ಕಟ್ಟು ಹಾಕಿ ಕೊಟ್ಟರು. ಪಾಠದಲ್ಲಿ ಅಂಡರ್ ಕೂಡ ಬರುತ್ತದೆ ಎಂಬುದನ್ನು ನಾನು ಬಾಯಿಬಿಡಲಿಲ್ಲ.

ಸೋಮವಾರದ ಬಸ್ಸಿನ ಬಗ್ಗೆ ಏನು ಹೇಳಲಿ? ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಚೀಲ, ಕರವಸ್ತ್ರಗಳು ಒಳಗೆ ಹಾರಿ ಎಲ್ಲ ಸೀಟೂ ಭರ್ತಿಯಾಗಿದ್ದವು. ನಾನು ಎತ್ತಿನ ಜೋಡಿಯನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿ ರೊಟ್ಟಿಯ ಡಬ್ಬಿಯ ಮೇಲೆ ಇಟ್ಟುಕೊಂಡಿದ್ದೆ. ಟವೆಲ್ಲಿನ ಮಾಲೀಕನೊಬ್ಬ ನನ್ನನ್ನು ಒತ್ತಿಕೊಂಡು ತನ್ನ ಸೀಟಿನತ್ತ ನುಗ್ಗಿದ. ಚೀಲದೊಳಗೆ ಟಕ್ ಎಂದಿತು. ಹುನಗುಂದದಲ್ಲಿ ಇಳಿದು ಬಿಚ್ಚಿ ನೋಡಿದರೆ ಒಂದು ಎತ್ತಿನ ಮುಂಗಾಲು ಮುರಿದಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಆ ಕಾಲನ್ನು ಕೈಯಲ್ಲಿ ಹಿಡಿದುಕೊಂಡಾಗ ನನಗೆ ಅಳು ಬಂತು, ಅದು ದುಃಖದ ಅಳುವಲ್ಲ, ಕಚ್ಚಲು ಯಾರೂ ಸಿಗದಿದ್ದಾಗ ಬರುವ ಅಳು. ಟವೆಲ್ಲಿನವನ ಮೇಲೆ, ತರಬೇತಿಯ ಮೇಲೆ, ಸ್ಥಳೀಯ ಸಾಮಗ್ರಿ ಎಂಬ ಎರಡು ಮಾತಿನ ಮೇಲೆ, ಎಲ್ಲದರ ಮೇಲೂ ಸಿಟ್ಟು. ಕಾಲನ್ನು ಹಿಟ್ಟಿನ ಅಂಟಿನಿಂದ ಅಂಟಿಸೋಣವೆಂದರೆ ಹೊತ್ತಿರಲಿಲ್ಲ. ಮುರಿದ ಭಾಗ ಮಕ್ಕಳಿಗೆ ಕಾಣದಂತೆ ಇಟ್ಟರಾಯಿತು ಎಂದುಕೊಂಡು ಮುಂದಿನ ಬಸ್ ಹತ್ತಿದೆ.

ಸಾಹೇಬರು ಹೇಳಿದ ಹೊತ್ತಿಗೆ ಬಂದರು. ಕಪ್ಪು ಬೂಟು, ಕೈಯಲ್ಲಿ ಫೈಲು, ಬಾಯಲ್ಲಿ ಪುಸ್ತಕದ ಕನ್ನಡ. ಹೆಡ್‌ಮಾಸ್ತರರು ಅವರಿಗಾಗಿ ತಟ್ಟೆಯಲ್ಲಿ ಬಿಸ್ಕೀಟು ಜೋಡಿಸಿ, ಹಿಂದಿನ ಬೆಂಚಿನ ಮೇಲೆ ಇಟ್ಟು, ತಾವು ಬಾಗಿಲಲ್ಲಿ ನಿಂತರು. ನಾನು ಚೀಲದಿಂದ ಎತ್ತುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಮುರಿದ ಕಾಲಿನ ಎತ್ತನ್ನು ಇನ್ನೊಂದಕ್ಕೆ ಆನಿಸಿ ನಿಲ್ಲಿಸಿದೆ. ತರಗತಿ ಸದ್ದಿಲ್ಲದೆ ಎದ್ದು ನಿಂತಿತು. ನನಗೆ ಗೌರವ ಕೊಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ ಎಲ್ಲರ ಕಣ್ಣೂ ಎತ್ತಿನ ಹಣೆಯ ವಿಭೂತಿಯ ಮೇಲಿತ್ತು. ಹಿಂದೆ ಏನೋ ಸರಿದಾಡಿದ ಸದ್ದಾಯಿತು. ಸಾಹೇಬರು ಬಗ್ಗಿ ಬೂಟು ಬಿಚ್ಚುತ್ತಿದ್ದರು. ಕಾಲುಚೀಲದ ಒಂದು ತೂತಿನಿಂದ ಅವರ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

ಆನ್ ಸುಲಭವಾಗಿ ಆಯಿತು. ದಿ ಆಕ್ಸ್ ಈಸ್ ಆನ್ ದಿ ಟೇಬಲ್ ಎಂದು ತರಗತಿ ಒಂದೇ ದನಿಯಲ್ಲಿ ಹೇಳಿತು. ಬಿಹೈಂಡ್ ಆಯಿತು, ಬಿಸೈಡ್ ಆಯಿತು. ನನ್ನ ಎದೆ ಹಗುರವಾಗತೊಡಗಿತು. ಬಾದಾಮಿ, ಹಸಿರು ಸೀರೆ, ಮಗಳ ಮುಖ ಎಲ್ಲ ಕಣ್ಣ ಮುಂದೆ ಬಂದವು. ಆ ಧೈರ್ಯದಲ್ಲಿ ಕಾಲು ಮುರಿದ ಎತ್ತನ್ನು ಎತ್ತಿ, ಅತ್ತೆಯ ಕಟ್ಟನ್ನು ಒಂದು ಗಳಿಗೆ ಮರೆತು, ಮೇಜಿನ ಕೆಳಗೆ ನೆಲದ ಮೇಲೆ ಇಟ್ಟು, ವೇರ್ ಈಸ್ ದಿ ಆಕ್ಸ್ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಮತ್ತೆ ಕೇಳಿದೆ. ತಲೆ ತಗ್ಗಿಸಿದರು. ಹೊರಗೆ ಬಿಟ್ಟರೆ ಊರೆಲ್ಲ ಒಂದಾಗುವಂತೆ ಅರಚುವ ಮಕ್ಕಳು, ಸಾಹೇಬರ ಮುಂದೆ ನನ್ನ ಮಾನ ತೆಗೆಯಲಿಕ್ಕೆಂದೇ ಬಾಯಿ ಹೊಲಿದುಕೊಂಡಂತೆ ಕುಳಿತರು. ಹತ್ತು ದಿನದ ಹಾಸ್ಟೆಲ್ಲು, ಚಪ್ಪಾಳೆ, ಕಪ್ಪೆ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಅಂಡರ್ ಎಂದು ಹೇಳಲು ನಿಮಗೇನು ರೋಗ ಎಂದು ಮೇಜು ಗುದ್ದಿದೆ.

ಮುಂದಿನ ಸಾಲಿನಿಂದ ಶಬಾನಾ ಎದ್ದು ನಿಂತಳು. ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ನನ್ನ ಸಿಟ್ಟಿಗೆ ಹೆದರಿ ಮೇಜಿನ ಕಡೆಗೇ ನೋಡುತ್ತ ಹೇಳಿದಳು: "ಅಕ್ಕೋರ, ಬಸವಣ್ಣನ್ನ ಮೊದಲ ಮ್ಯಾಲೆ ಇಡ್ರಿ. ಆಮ್ಯಾಲೆ ಕೆಳಗ ಇದ್ದ ಅಂತ ಹೇಳ್ತೇವಿ."

ನಾನು ಸಾಹೇಬರ ಕಡೆ ತಿರುಗಿದೆ. ಶಿಸ್ತಿಲ್ಲದ ತರಗತಿ ಎಂದು ಅವರು ಬರೆದುಕೊಳ್ಳುತ್ತಿರಬೇಕು ಎಂದುಕೊಂಡಿದ್ದೆ. ಅವರು ಕಾಲುಚೀಲದಲ್ಲಿ ನಿಂತು ಎರಡೂ ಕೈ ಜೋಡಿಸಿದ್ದರು. "ಇಡ್ರಿ ಮೇಡಮ್ಮಾರ, ಮ್ಯಾಲೆ ಇಡ್ರಿ" ಎಂದರು. ಪುಸ್ತಕದ ಕನ್ನಡ ಎಲ್ಲಿ ಹೋಯಿತೋ, ಕೆರೂರ ಕಡೆಯ ಮಾತು ಹೊರಗೆ ಬಂದಿತ್ತು. ನಾನು ಬಗ್ಗಿ ಎತ್ತನ್ನು ಮೇಲೆತ್ತಿ ಇಟ್ಟೆ. ಆನಿಸುವುದನ್ನು ಮರೆತಿದ್ದೆ, ಅದು ಮುಗ್ಗರಿಸಿ ಒಂದು ಬದಿಗೆ ವಾಲಿತು. ಮುರಿದ ಕಾಲು ಎಲ್ಲರಿಗೂ ಕಂಡಿತು. ಆಗ ಕೇಳಬೇಕಿತ್ತು ಆ ತರಗತಿಯನ್ನು. ಕುಂಟೆತ್ತು, ಕುಂಟೆತ್ತು ಎಂದು ಬೆಂಚಿನಿಂದ ಬೆಂಚಿಗೆ ಮಾತು ಹಾರಿತು. ನಮ್ಮ ಕಡೆ ಅಮಾವಾಸ್ಯೆಯ ಮರುದಿನ ಮಕ್ಕಳು ಕಾಲು ಮುರಿದ ಮಣ್ಣೆತ್ತನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ಎತ್ತುತ್ತಾರೆ, ಕೊನೆಗೆ ಅದನ್ನು ಹಳ್ಳಕ್ಕೆ ಬಿಡುತ್ತಾರೆ. ಬಾಗಿಲಿಗೆ ಬಂದ ಕುಂಟೆತ್ತಿಗೆ ಯಾರೂ ಇಲ್ಲ ಎನ್ನುವಂತಿಲ್ಲ. ನನ್ನ ಸಾಮಗ್ರಿ ಇಡೀ ತರಗತಿಯ ಪಾಲಿಗೆ ಆ ಗಳಿಗೆಯಲ್ಲಿ ಹಬ್ಬವಾಗಿ ಬದಲಾಗಿತ್ತು.

ಬಿಡಿ, ನಾವು ಒಯ್ಯುತ್ತೇವೆ ಎಂದು ಎಲ್ಲರೂ ಮುತ್ತಿಕೊಂಡರು. ಪಾಠ ಮಣ್ಣುಪಾಲಾಗಿತ್ತು, ಇನ್ನೇನು ಉಳಿದಿದೆ ಎಂಬ ಸಿಟ್ಟಿನಲ್ಲಿ ನಾನು ಎತ್ತನ್ನು ಎದೆಗವಚಿಕೊಂಡು, ಇದು ಎಲ್ಲಿಂದ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರ ಜೊತೆ, ಹೇಗೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಬಿಡುತ್ತೇನೆ ಎಂದೆ. ಹೇಳಲಾರರು ಎಂಬ ಭರವಸೆಯಿಂದಲೇ ಅಂದದ್ದು. ಫ್ರಮ್ ದಿ ಸ್ಕೂಲ್ ಎಂದಿತು ಒಂದು ದನಿ. ಥ್ರೂ ದಿ ಗೇಟ್. ಟು ದಿ ಟೆಂಪಲ್. ವಿತ್ ಶಬಾನಾ. ಆನ್ ದಿ ಸ್ಲೇಟ್. ಅಟ್ ಎವ್ರಿ ಡೋರ್. ಟು ಆಸ್ಕ್ ಎಂದು ಯಾರೋ ಅಂದಾಗ, ಹಿಂದೆ ಚಕ್ಕಡಿ ಇಲ್ಲ, ಅದು ಎತ್ತಲ್ಲ ಎಂದು ಪಕ್ಕದವಳು ಅವನ ಬೆನ್ನಿಗೆ ಗುದ್ದಿದಳು. ಕೊನೆಗೆ ವಿದೌಟ್ ಒನ್ ಲೆಗ್ ಎಂದು ಒಂದು ಮೂಲೆಯಿಂದ ಬಂತು. ವಿದೌಟ್ ಅನ್ನು ನಾನು ಇನ್ನೂ ಕಲಿಸಿರಲೇ ಇಲ್ಲ. ನನಗೆ ಸಂತೋಷವಾಗಬೇಕಿತ್ತು, ನಿಜ. ಆದರೆ ಬಂದದ್ದು ಸಿಟ್ಟು. ಇಷ್ಟೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಪರೀಕ್ಷೆಯಲ್ಲಿ ಬೆಕ್ಕಿಗೆ ಗೆರೆ ಎಳೆದಿದ್ದರಲ್ಲ ಇವರು.

ಊಟದ ಬಿಡುವಿನಲ್ಲಿ ಹೋಗಿ ಬನ್ನಿ ಎಂದು ಹೆಡ್‌ಮಾಸ್ತರರು ಅಪ್ಪಣೆ ಕೊಟ್ಟರು. ಕುಂಟೆತ್ತು ಮೊದಲು ನಿಂತದ್ದು ಸಾಹೇಬರ ಎದುರಿಗೇ. ಅವರು ಜೇಬು ಮುಟ್ಟಿಕೊಂಡರು, ಫೈಲು ನೋಡಿದರು. ಜೋಳವಂತೂ ಎಲ್ಲಿಂದ ಬರಬೇಕು? ತಟ್ಟೆಯ ಬಿಸ್ಕೀಟನ್ನೆಲ್ಲ ಸ್ಲೇಟಿನ ಮೇಲೆ ಸುರಿದು ಎತ್ತಿಗೆ ನಮಸ್ಕಾರ ಮಾಡಿದರು. ಮೆರವಣಿಗೆ ಗೇಟು ದಾಟಿತು.

ತರಗತಿಯಲ್ಲಿ ನಾವಿಬ್ಬರೇ ಉಳಿದೆವು. ಸಾಹೇಬರು ಬೂಟು ಹಾಕಿಕೊಳ್ಳುತ್ತ, ಪಾಠ ಚಲೋ ಆಯಿತು, ಆದರೆ ತರಬೇತಿಯ ಹೆಸರುಗಳು ಮೇಲೆ ಹೋಗಿಯಾಗಿವೆ, ಬರಿಯ ಅಡಚಣೆ ಎಂದರೆ ತೆಗೆಯುವುದು ಕಷ್ಟ ಎಂದರು. ಅಷ್ಟು ಹೊತ್ತಿನಿಂದ ತಡೆದದ್ದೆಲ್ಲ ಒಡೆದು ಹೊರಗೆ ಬಂತು. ಅವರು ಅಧಿಕಾರಿ ಎಂಬುದನ್ನೂ ನೋಡದೆ ನಾನು, ಬಾದಾಮಿಯಲ್ಲಿ ನನ್ನ ಮಗಳು ಚೊಚ್ಚಲ ಬಸುರಿ, ಆ ಹತ್ತು ದಿನದ ನಡುವೆ ಅವಳ ಕುಬಸ, ಅವಳ ಪಕ್ಕದಲ್ಲಿ ಕೂಡಬೇಕಾದ ತಾಯಿಯನ್ನು ನೀವು ಬಾಗಲಕೋಟೆಯಲ್ಲಿ ಕಪ್ಪೆ ಮಾಡಿ ಕುಣಿಸುತ್ತೀರಿ, ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೇ ಎಂದು ಕೇಳಿಬಿಟ್ಟೆ. ಅವರ ಕೈಯಲ್ಲಿ ಬೂಟಿನ ದಾರ ಹಾಗೇ ನಿಂತಿತು.

"ಕುಬಸ ಅಂತ ಫೋನಿನ್ಯಾಗ ಯಾಕ ಹೇಳಲಿಲ್ರಿ ಮೇಡಮ್ಮಾರ?" ಎಂದರು ಅವರು. "ಎಲ್ಲಿ, ಯಾವಾಗ, ಯಾರದು ಅನ್ನೂದ ಇಲ್ಲದ ಬರೇ ಅಡಚಣಿ ಅಂದ್ರ ನಾ ಏನಂತ ತಿಳಕೋಬೇಕ್ರಿ?"

ಅವರಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದೆ. ಗೊತ್ತಿರಲು ಅವರೇನು ನಮ್ಮ ಬೀಗರೇ? ಚಕ್ಕಡಿ ಬರದ ವಾಕ್ಯವನ್ನು ಫೋನಿನಲ್ಲಿ ಎಸೆದು, ಅದರಲ್ಲಿ ಇಲ್ಲದ ಮೂಟೆಯನ್ನು ಇಳಿಸಿಕೊಳ್ಳಲಿಲ್ಲವೆಂದು ಆ ಮನುಷ್ಯನನ್ನು ಕಲ್ಲು ಎಂದು ಬೈದಿದ್ದೆ. ಸಾಹೇಬರು ಅಲ್ಲೇ ಯಾರಿಗೋ ಫೋನ್ ಮಾಡಿ, ನನ್ನ ಹೆಸರನ್ನು ತೆಗೆಸಿದರು. ಕುಬಸ ಮುಗಿಸಿಕೊಂಡು ಕೊನೆಯ ದಿನ ಒಂದು ಹೊತ್ತು ಬಾಗಲಕೋಟೆಗೆ ಬಂದು ಇದೇ ಪಾಠವನ್ನು ಎಲ್ಲರಿಗೂ ಮಾಡಿ ತೋರಿಸಬೇಕು, ಎತ್ತುಗಳನ್ನು ಮರೆಯಬಾರದು ಎಂದರು. ಕುಪ್ಪಳಿಸುವುದಿಲ್ಲ ಎಂಬ ಮಾತನ್ನು ಅವರಿಂದ ಪಡೆದುಕೊಂಡು ಒಪ್ಪಿದೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಶಬಾನಾ ಬಂದು ಜೋಳವನ್ನು ಅಡುಗೆಯವರಿಗೆ ಕೊಟ್ಟೆವು, ಎತ್ತನ್ನು ಹಳ್ಳಕ್ಕೆ ಬಿಟ್ಟೆವು ಎಂದು ವರದಿ ಒಪ್ಪಿಸಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಬೈಯಲೂ ಆಗಲಿಲ್ಲ.

ಮನೆಗೆ ಬಂದಾಗ ಅತ್ತೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಕುಬಸಕ್ಕೆ ಹೋಗಲು ಬಿಟ್ಟರು ಎಂದೆ. ಅವರ ಮುಖ ಅರಳಿತು, ಬಸವಣ್ಣನೇ ಮಾಡಿಸಿದ ಎಂದರು. ನಾನು ಚೀಲದಿಂದ ಎತ್ತನ್ನು ತೆಗೆದು ಜಗಲಿಯ ಮೇಲಿಟ್ಟೆ. ಅತ್ತೆ ಜಗಲಿಯನ್ನು ನೋಡಿದರು, ನನ್ನ ಚೀಲವನ್ನು ನೋಡಿದರು, ಮತ್ತೆ ಜಗಲಿಯನ್ನು ನೋಡಿದರು. ಜೋಡಿಯಲ್ಲಿ ಇದೊಂದೇ ಬಂದಿದೆಯಲ್ಲ, ಇನ್ನೊಂದು ಎಲ್ಲಿ ಎಂದು ಕೇಳಿದರು. ಹಳ್ಳದ ಒಳಗೆ, ನೀರಿನ ಕೆಳಗೆ, ಕಲ್ಲುಗಳ ನಡುವೆ, ಒಂದು ಕಾಲು ಇಲ್ಲದೆ, ಎಲ್ಲ ಫ್ರೇಜುಗಳೂ ಎತ್ತು ಹೂಡಿಕೊಂಡು ನನ್ನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತವು.

ನಾನು ಗದ್ದ ಎತ್ತಿದೆ. "ಅಲ್ಲೇ ಐತ್ರಿ, ಅತ್ತಿ" ಎಂದೆ.